ಬಾಗಲಕೋಟೆಗೆ ಆಡುವ ಕಲಾಕೃತಿ: ಮುಳುಗಿದ ಪೇಟೆಯಿಂದ ಶುರು ಮಾಡಬೇಕೇ, ಬರಿ ನೆಲದಿಂದಲೇ?

ಚಿತ್ರಕಲಾ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಚಿತ್ರಕಲಾ ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಬಾಗಲಕೋಟೆಯಲ್ಲಿ ಒಂದು ಕಲಾ ಪ್ರತಿಷ್ಠಾಪನೆ ಮಾಡಲು ಹೊರಟಿದ್ದೇವೆ. ದೂರ ನಿಂತು ನೋಡಿ ಹೋಗುವ ಕೃತಿ ನಮಗೆ ಬೇಡ, ಬಂದವರು ಕೈ ಹಾಕಿ ಆಡಬೇಕು. ಹದಿನೈದು ಅಡಿ ಉದ್ದದ ಮೇಜು. ಮೇಲೆ ಕಟ್ಟಿದ ಪ್ರೊಜೆಕ್ಟರಿನಿಂದ ಊರಿನ ನಕ್ಷೆ ಮೇಜಿನ ಮೇಲೆ ಬೀಳುತ್ತದೆ. ಜನ ಮರದ ತುಂಡುಗಳನ್ನಿಟ್ಟು ಮನೆ, ಅಂಗಡಿ, ಗುಡಿ, ಮಸೀದಿ, ಶಾಲೆ, ಬಾವಿ, ಕಟ್ಟೆ ಎಲ್ಲವನ್ನೂ ಕಟ್ಟುತ್ತಾರೆ. ಕ್ಯಾಮೆರಾ ಆ ತುಂಡುಗಳನ್ನು ಗುರುತು ಹಿಡಿಯುತ್ತದೆ. ಗೋಡೆಯ ಪರದೆಯಲ್ಲಿ ಅದೇ ಊರು ಜೀವ ಪಡೆಯುತ್ತದೆ: ನೀರು ಸಾಲದ ಓಣಿಯಲ್ಲಿ ಕೊಡಗಳ ಸಾಲು ಬೆಳೆಯುತ್ತದೆ, ನೆರಳಿಲ್ಲದ ಬೀದಿ ಕೆಂಪಗೆ ಕಾಯುತ್ತದೆ, ಬಸ್ ನಿಲ್ದಾಣ ದೂರವಾದರೆ ಸಂತೆ ಖಾಲಿಯಾಗುತ್ತದೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೀಳಬೇಕೆಂದರೆ ಮೊದಲು ಮಾತನಾಡಿ ಒಪ್ಪಿಸಬೇಕು.

ಇಂಥ ಪ್ರಯತ್ನಗಳು ಬೇರೆ ಕಡೆ ನಡೆದಿವೆ. ಒಲಾಫರ್ ಎಲಿಯಾಸನ್ ಎಂಬ ಕಲಾವಿದ 2005ರಲ್ಲಿ ಅಲ್ಬೇನಿಯಾದ ಟಿರಾನಾ ನಗರದ ಚೌಕದಲ್ಲಿ ಮೂರು ಟನ್ ಬಿಳಿ ಲೆಗೋ ಇಟ್ಟಿಗೆಗಳನ್ನು ಸುರಿದು, ದಾರಿಹೋಕರಿಗೆಲ್ಲ ಊರು ಕಟ್ಟಲು ಬಿಟ್ಟಿದ್ದ. ಹತ್ತು ವರ್ಷಗಳ ನಂತರ ನ್ಯೂಯಾರ್ಕಿನ ಹೈಲೈನ್ ಉದ್ಯಾನದಲ್ಲೂ ಅದೇ ಕೃತಿ ಬಂತು.

ಈಗ ನಮ್ಮೊಳಗೇ ಜಗಳ ಬಿದ್ದಿದೆ. ಅರ್ಧ ಜನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲಿನ ಹಳೆ ಪೇಟೆಯ ನಕ್ಷೆಯಿಂದ ಆಟ ಶುರುವಾಗಲಿ ಎನ್ನುತ್ತಾರೆ. ಉಳಿದವರಿಗೆ ಬರಿ ನೆಲ ಬೇಕು, ಏಕೆಂದರೆ ನೆನಪಿನ ಭಾರ ಹೊರಿಸಿದರೆ ಮಕ್ಕಳು ಆಡುವುದಿಲ್ಲ ಎಂದು ಅವರ ವಾದ. ನೀವು ಏನೆನ್ನುತ್ತೀರಿ?

ಕಿಲ್ಲಾ ಓಣಿ

ಹಳೆ ಪೇಟೆಯಿಂದಲೇ. ಇದರಲ್ಲಿ ಕೇಳುವುದೇನಿದೆ?

ನವನಗರದ ಹುಡುಗಿ

ನಾನು ಹುಟ್ಟಿದ್ದೇ ನವನಗರದಲ್ಲಿ, ಹಳೆ ಪೇಟೆ ಬಿಟ್ಟವರಿಗೆ ಕಟ್ಟಿದ ಹೊಸ ಊರಿನಲ್ಲಿ. ಅಪ್ಪ ಅಮ್ಮ ಪ್ರತಿ ಮದುವೆಯಲ್ಲೂ ಹಳೆ ಊರಿನ ಮಾತು ತೆಗೆಯುತ್ತಾರೆ, ನಮ್ಮ ವಯಸ್ಸಿನವರು ಸುಮ್ಮನೆ ಕೂತು ಕೇಳುತ್ತೇವೆ. ಆಟದಲ್ಲಿಯೂ ಅದನ್ನೇ ಕೇಳಬೇಕೆಂದರೆ ನನ್ನ ಗೆಳತಿಯರು ಯಾರೂ ಬರುವುದಿಲ್ಲ. ಬರಿ ನೆಲ ಕೊಡಿ. ಸೆಕ್ಟರುಗಳ ನಡುವೆ ಸಂಜೆ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವ ದಾರಿ, ಮಳೆ ಬಂದರೆ ನಿಲ್ಲಲು ಸೂರು, ಓದಲು ಕೂರುವ ಜಾಗ, ಇಷ್ಟು ಕಟ್ಟಿ ತೋರಿಸುತ್ತೇವೆ.

ಕಿಲ್ಲಾ ಓಣಿ

ತಂಗಿ, ನೀನು ಕೇಳುತ್ತಿರುವ ಮೂರೂ ಹಳೆ ಊರಿನಲ್ಲಿದ್ದವು. ಓಣಿ ಕಿರಿದು, ಎರಡೂ ಬದಿಯ ಕಟ್ಟೆಯ ಮೇಲೆ ಜನ. ರಾತ್ರಿ ಹತ್ತಕ್ಕೆ ಹೆಣ್ಣುಮಗಳು ಒಬ್ಬಳೇ ಬಂದರೂ ನಾಲ್ಕು ಕಟ್ಟೆಯಿಂದ ‘ಯಾರವ್ವಾ’ ಎಂದು ಕೇಳುತ್ತಿದ್ದರು. ಅದು ಮೇಜಿನ ಮೇಲೆ ಇಲ್ಲದಿದ್ದರೆ ನಿಮಗೆ ಅದು ಸಾಧ್ಯವಿತ್ತು ಎಂದೇ ತಿಳಿಯುವುದಿಲ್ಲ.

ನವನಗರದ ಹುಡುಗಿ

‘ಯಾರವ್ವಾ’ ಎಂದು ನಾಲ್ಕು ಕಟ್ಟೆಯಿಂದ ಕೇಳುವುದು ನಿಮಗೆ ರಕ್ಷಣೆ ಎನಿಸುತ್ತದೆ. ನಮಗೆ ಅದು ವಿಚಾರಣೆ. ಬೀದಿದೀಪವಿರಲಿ, ತೆರೆದ ಅಂಗಡಿಯಿರಲಿ, ಅಷ್ಟು ಸಾಕು.

ಓವರ್‌ಸಿಯರ್ ನಿವೃತ್ತ

ಮೊದಲು ಅಳತೆ ಸರಿ ಮಾಡಿಕೊಳ್ಳಿ, ಜಗಳ ಆಮೇಲೆ.

ಹದಿನೈದು ಅಡಿ ಎಂದರೆ ಸುಮಾರು ನಾಲ್ಕೂವರೆ ಮೀಟರ್. 1:1000 ಪ್ರಮಾಣ ಹಿಡಿದರೆ ಮೇಜಿನ ಮೇಲೆ ನಾಲ್ಕೂವರೆ ಕಿಲೋಮೀಟರ್ ಊರು ಕೂರುತ್ತದೆ. ಹತ್ತು ಮೀಟರ್ ಅಗಲದ ಮನೆ ಆಗ ಒಂದು ಸೆಂಟಿಮೀಟರ್. ಅಜ್ಜಿಯರ ಬೆರಳಿಗೆ ಅದು ಸಿಗುವುದೇ ಇಲ್ಲ. 1:200 ಹಿಡಿದರೆ ಮನೆ ಐದು ಸೆಂಟಿಮೀಟರ್ ಆಗುತ್ತದೆ, ಕೈಗೆ ಹಿತ, ಆದರೆ ಮೇಜಿನ ಉದ್ದಕ್ಕೆ ಒಂಬೈನೂರು ಮೀಟರ್ ಊರು ಮಾತ್ರ ಹಿಡಿಯುತ್ತದೆ. ಅಂದರೆ ಒಂದೆರಡು ಪೇಟೆ.

ಇನ್ನು ನೀರಿನ ಮಾತು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದಲ್ಲಿ ಅದನ್ನು 524.256ಕ್ಕೆ ಏರಿಸಬೇಕೆಂಬುದು ಉದ್ದೇಶ. ವ್ಯತ್ಯಾಸ 4.656 ಮೀಟರ್, ಹದಿನೈದು ಅಡಿಗಿಂತ ಸ್ವಲ್ಪ ಹೆಚ್ಚು. ನೆಲದ ಮೇಲೆ ನಿಂತು ನೋಡಿದವರಿಗೆ ಅದು ಎಷ್ಟು ಊರು, ಎಷ್ಟು ಹೊಲ ಎಂದು ಗೊತ್ತು. ಆದರೆ 1:1000ರ ಮೇಜಿನಲ್ಲಿ ಅದು ಐದು ಮಿಲಿಮೀಟರ್ ಕೂಡ ಇಲ್ಲ! ನೋಡಿದವರು ‘ಇಷ್ಟೇ ತಾನೇ’ ಎನ್ನುತ್ತಾರೆ. ಅದಕ್ಕೇ ಎತ್ತರವನ್ನು ಕನಿಷ್ಠ ಐದು ಪಟ್ಟು ಹಿಗ್ಗಿಸಬೇಕು, ಹಿಗ್ಗಿಸಿದ್ದೇವೆ ಎಂದು ಮೇಜಿನ ಅಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ನನ್ನ ಸಲಹೆ: ಎರಡು ಮೇಜು. ಒಂದು ಊರಿಗೆ, ಒಂದು ಓಣಿಗೆ.

ಬೀಳಗಿ ರಸ್ತೆ

ಓವರ್‌ಸಿಯರ್ ಸಾಹೇಬರಿಗೆ ಧನ್ಯವಾದ. ಇಲ್ಲಿ ಎಲ್ಲರೂ ‘ಮುಳುಗಿದ ಪೇಟೆ’ ಎಂದು ಭೂತಕಾಲದಲ್ಲಿ ಮಾತನಾಡುತ್ತಿದ್ದೀರಿ. ನಾವು ಇನ್ನೂ ಮುಳುಗಿಲ್ಲ, ಮುಳುಗುವ ಪಟ್ಟಿಯಲ್ಲಿದ್ದೇವೆ. ನಮ್ಮ ಊರಿನಲ್ಲಿ ಮನೆಗೆ ಸುಣ್ಣ ಹೊಡೆಸಲೋ ಬೇಡವೋ ಎಂದು ಯೋಚಿಸುತ್ತಲೇ ಒಂದು ತಲೆಮಾರು ಕಳೆದಿದೆ. ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಕಟ್ಟಿಸಬೇಕು ಎಂದರೆ, ‘ಹೇಗಿದ್ದರೂ ಬಿಡುವ ಮನೆ, ಏಕೆ’ ಎನ್ನುತ್ತಾರೆ. ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ.

ಮೇಷ್ಟ್ರೇ, ನಿಮ್ಮ ಆಟದಲ್ಲಿ ಈ ಕಾಯುವಿಕೆ ಇದೆಯೇ? ಕಟ್ಟುವುದು, ಕೆಡವುವುದು ಎರಡೇ ಇದ್ದರೆ ನಮ್ಮ ಕಥೆ ಅದರೊಳಗೆ ಬರುವುದಿಲ್ಲ.

ಚಿತ್ರಕಲಾ ಮೇಷ್ಟ್ರು

ಬೀಳಗಿ ರಸ್ತೆಯವರೇ, ಇದನ್ನು ನಮ್ಮಲ್ಲಿ ಯಾರೂ ಎತ್ತಿರಲಿಲ್ಲ. ಕೆಲವು ಮನೆಗಳಿಗೆ ಬೇರೆ ಬಣ್ಣ ಕೊಡಬಹುದು: ಅವುಗಳ ಮೇಲೆ ಇನ್ನೊಂದು ತುಂಡು ಇಡಲು ಆಟ ಬಿಡುವುದಿಲ್ಲ, ತೆಗೆಯಲೂ ಬಿಡುವುದಿಲ್ಲ. ಸುತ್ತಲಿನ ಊರು ಬೆಳೆಯುತ್ತಿರುತ್ತದೆ, ಅವು ಹಾಗೆಯೇ ಇರುತ್ತವೆ. ಹೀಗೆ ಮಾಡಿದರೆ ನಿಮ್ಮ ಮಾತು ಬಂದಂತಾಗುತ್ತದೆಯೇ?

ಬೀಳಗಿ ರಸ್ತೆ

ಬಂದಂತಾಗುತ್ತದೆ. ಆದರೆ ಆ ಮನೆಯ ಆಟಗಾರನಿಗೆ ಕೆಲಸವೇನು? ಬೇರೆಯವರು ಆಡುವುದನ್ನು ನೋಡುತ್ತ ಕೂರುವುದೇ?

ಮಗ್ಗದ ಮನೆ

ಹುಲಿಕುರಿ ಆಟ ನೆನಪಿಸಿಕೊಳ್ಳಿ. ಹುಲಿಯ ನಡೆ ಬೇರೆ, ಕುರಿಯ ನಡೆ ಬೇರೆ. ಹುಲಿ ಹಾರಿ ತಿನ್ನಬಲ್ಲದು, ಕುರಿಗೆ ಆ ಬಲವಿಲ್ಲ, ಆದರೆ ಕುರಿಗಳೆಲ್ಲ ಸೇರಿ ಸುತ್ತುವರಿದರೆ ಹುಲಿ ಕಟ್ಟಿಬೀಳುತ್ತದೆ. ಎಲ್ಲ ಆಟಗಾರರಿಗೂ ಒಂದೇ ಬಗೆಯ ತುಂಡು ಏಕೆ ಕೊಡುತ್ತೀರಿ? ಕಾಯುವ ಮನೆಯವರಿಗೆ ಕಟ್ಟುವ ಹಕ್ಕಿಲ್ಲದಿದ್ದರೆ, ಜೊತೆ ಸೇರುವ ಹಕ್ಕು ಕೊಡಿ. ಹತ್ತು ಕಾಯುವ ಮನೆಗಳು ಒಟ್ಟಾದರೆ ಇಡೀ ಮೇಜಿನ ಆಟ ಒಂದು ಸುತ್ತು ನಿಲ್ಲಬೇಕು. ಎಲ್ಲರೂ ಅವರ ಮಾತು ಕೇಳಿದ ಮೇಲೆಯೇ ಮುಂದಿನ ತುಂಡು.

ನಾನು ಗುಳೇದಗುಡ್ಡದವಳು, ರವಿಕೆಯ ಖಣ ನೇಯುವ ಮನೆ. ನಿಮ್ಮ ಪಟ್ಟಿಯಲ್ಲಿ ಮನೆ ಬೇರೆ, ಅಂಗಡಿ ಬೇರೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಮಗ್ಗ ಇರುವುದೇ ಮನೆಯ ಒಳಗೆ. ನೂಲಿನ ಕಂಡಿಕೆ ಸುತ್ತುವುದು ಅಡುಗೆಮನೆಯ ಪಕ್ಕ. ಅದಕ್ಕೆ ಯಾವ ತುಂಡು ಇಡುತ್ತೀರಿ?

ಕೋಡ್ ಬರೆಯುವವ

ಮಗ್ಗದ ಮನೆಯವರು ಬಹಳ ದೊಡ್ಡ ಮಾತು ಎತ್ತಿದ್ದಾರೆ. ಊರು ಕಟ್ಟುವ ಕಂಪ್ಯೂಟರ್ ಆಟಗಳ ಮೂಲ ತೊಂದರೆ ಇದೇ. ವಿಲ್ ರೈಟ್ ಮಾಡಿದ ಸಿಮ್‌ಸಿಟಿ 1989ರಲ್ಲಿ ಬಂತು. ಅದರಲ್ಲಿ ನೆಲವನ್ನು ಮೂರು ಬಣ್ಣದಲ್ಲಿ ಬೇರೆ ಮಾಡಬೇಕು: ವಾಸಕ್ಕೆ ಹಸಿರು, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ಹಳದಿ. ಮನೆಯೊಳಗೆ ಮಗ್ಗ, ಕೆಳಗೆ ಅಂಗಡಿ ಮೇಲೆ ವಾಸ, ಇದು ಆ ಆಟಕ್ಕೆ ಅರ್ಥವೇ ಆಗುವುದಿಲ್ಲ. ಅಮೆರಿಕದ ಊರುಗಳ ವಲಯ ವಿಂಗಡಣೆ ಆಟದ ನಿಯಮವಾಗಿ ಕೂತುಬಿಟ್ಟಿದೆ. ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ನಗರದ ಗಣಿತ ಮಾದರಿಯ ಪ್ರಭಾವವೂ ಅದರ ಹಿಂದಿದೆ. ಆಡುವವನಿಗೆ ಈ ನಿಯಮಗಳು ಕಾಣುವುದಿಲ್ಲ. ಊರು ಹಾಗೆಯೇ ಇರುತ್ತದೆ ಎಂದು ಅವನು ನಂಬಿಬಿಡುತ್ತಾನೆ.

ಆದ್ದರಿಂದ ಮೇಷ್ಟ್ರೇ, ಹಳೆ ನಕ್ಷೆಯೋ ಬರಿ ನೆಲವೋ ಎನ್ನುವುದಕ್ಕಿಂತ ಮೊದಲಿನ ಪ್ರಶ್ನೆ, ನಿಯಮ ಬರೆಯುವವರು ಯಾರು? ಬೀದಿ ಯಾವಾಗ ಕೆಂಪಾಗಬೇಕು, ಸಂತೆ ಯಾವಾಗ ಖಾಲಿಯಾಗಬೇಕು ಎಂದು ನೀವು ನಾಲ್ಕು ಜನ ಕೋಣೆಯಲ್ಲಿ ಕೂತು ನಿರ್ಧರಿಸಿದರೆ, ಜನ ಆಡುವುದು ನಿಮ್ಮ ಊರನ್ನು.

ನಾನು ಬಾಗಲಕೋಟೆಯವನೇ, ಈಗ ಬೆಂಗಳೂರಿನಲ್ಲಿ ಕೆಲಸ. ಕೋಡ್ ಬರೆದುಕೊಡಲು ಸಿದ್ಧ, ಹಣ ಬೇಡ. ತುಂಡು ಗುರುತಿಸಲು ಹೊಸದೇನೂ ಬರೆಯಬೇಕಾಗಿಲ್ಲ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು ಒಂದು ಸಂಗೀತದ ಮೇಜಿಗಾಗಿ ಮಾಡಿದ ರಿಯಾಕ್ಟಿವಿಷನ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರತಿ ತುಂಡಿನ ಅಡಿಯಲ್ಲಿ ಒಂದು ಕಪ್ಪುಬಿಳುಪು ಗುರುತು ಅಂಟಿಸಿ, ಮೇಜಿನ ಮೇಲ್ಮೈಗೆ ಗಾಜು ಹಾಕಿ, ಕೆಳಗಿನಿಂದ ಕ್ಯಾಮೆರಾ ನೋಡಿದರೆ ಸಾಕು. ಮೇಲಿನಿಂದ ನೋಡಿದರೆ ಆಡುವವರ ಕೈ, ತಲೆ, ಸೆರಗು ಎಲ್ಲ ಅಡ್ಡ ಬರುತ್ತದೆ.

ಬೇವಿನ ಕಟ್ಟಿಗೆ

ಕಟ್ಟಿಗೆ ಕೆಲಸ ನನ್ನದು. ಗಾಜಿನ ಮೇಲೆ ಮಕ್ಕಳು ಮರದ ತುಂಡು ಕುಕ್ಕಿದರೆ ಎಷ್ಟು ದಿನ ಬಾಳೀತು? ಹನ್ನೆರಡು ಮಿಲಿಮೀಟರ್ ಗಟ್ಟಿ ಗಾಜು, ಕೆಳಗೆ ಎರಡು ಅಡಿಗೊಂದು ಆಸರೆ ಬೇಕು. ಆಸರೆ ಕೊಟ್ಟರೆ ಕ್ಯಾಮೆರಾಗೆ ಅಡ್ಡ. ಅದನ್ನು ಮೊದಲು ಯೋಚಿಸಿ. ತುಂಡುಗಳಿಗೆ ಬೇವು ಸಾಕು, ಹುಳ ಹಿಡಿಯುವುದು ಕಡಿಮೆ, ಇಲ್ಲಿಯೇ ಸಿಗುತ್ತದೆ. ಸಾಗವಾನಿ ದುಂದುವೆಚ್ಚ. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಕೊಡುತ್ತೇನೆ, ಮಕ್ಕಳ ಕೈಗೆ ಸಿಗುರು ಚುಚ್ಚಬಾರದು.

ಮಗ್ಗದ ಮನೆಗೆ: ಒಂದು ತುಂಡಿನಲ್ಲೇ ಎರಡು ಖಾನೆ ಮಾಡಬಹುದು. ಅರ್ಧ ಮನೆ, ಅರ್ಧ ಕೆಲಸ. ಅಡಿಗೆ ಎರಡು ಗುರುತು ಅಂಟಿಸಿದರಾಯಿತು.

ಮಗ್ಗದ ಮನೆ

ಅರ್ಧ ಅರ್ಧ ಇರುವುದಿಲ್ಲ ಅಣ್ಣ. ಹಗಲು ಮುಕ್ಕಾಲು ಕೆಲಸ, ರಾತ್ರಿ ಪೂರ್ತಿ ಮನೆ. ಆದರೂ ತುಂಡು ಮಾಡಿ, ಇರಲಿ. ನಮ್ಮ ಮನೆಗೆ ಒಂದು ತುಂಡು ಇದೆ ಎಂದಾದರೂ ಆಗುತ್ತದೆ.

ಕುಂದಾ ಪ್ರೇಮಿ, ಬೆಳಗಾವಿ

ನಮ್ಮ ಬೆಳಗಾವಿ 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಬಂತು. ಆಗಲೂ ಜನರ ಅಭಿಪ್ರಾಯ ಕೇಳಿದ್ದರು. ಚೀಟಿಯಲ್ಲಿ ಬರೆದುಕೊಟ್ಟೆವು, ಮೊಬೈಲಿನಲ್ಲಿ ಗುಂಡಿ ಒತ್ತಿದೆವು. ಆಮೇಲೆ ನಮ್ಮ ಬಡಾವಣೆಯ ರಸ್ತೆ ಅಗೆದಾಗ, ನಾವು ಬರೆದದ್ದು ಏನಾಯಿತು ಎಂದು ಹೇಳುವವರು ಯಾರೂ ಸಿಗಲಿಲ್ಲ. ನಿಮ್ಮ ಮೇಜಿನ ಮೇಲೆ ಜನ ಕಟ್ಟಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ? ಆಟ ಮುಗಿದ ಮೇಲೆ ತುಂಡುಗಳನ್ನು ಡಬ್ಬಿಗೆ ತುಂಬಿ ಬೀಗ ಹಾಕಿದರೆ, ನಮಗೆ ಆಗಿದ್ದೇ ನಿಮಗೂ ಆಗುತ್ತದೆ.

ಘಟಪ್ರಭಾ

ಇದು ಕಲೆಯಪ್ಪಾ, ನಗರಸಭೆಯ ಸಭೆಯಲ್ಲ. ಎಲ್ಲವೂ ಎಲ್ಲಿಗಾದರೂ ಹೋಗಲೇಬೇಕೆ? ಜನ ಬಂದು ಒಂದು ಸಂಜೆ ತಮ್ಮ ಊರನ್ನು ಕೈಯಲ್ಲಿ ಹಿಡಿದರೆ ಅದೇ ಸಾಕಷ್ಟು ದೊಡ್ಡ ಸಂಗತಿ.

ಕುಂದಾ ಪ್ರೇಮಿ, ಬೆಳಗಾವಿ

ಸಾಕಾಗುವುದಿಲ್ಲ. ಮನೆ ಬಿಡುವವರನ್ನು ಕರೆದು ಊರು ಕಟ್ಟಿಸಿ, ಚಪ್ಪಾಳೆ ತಟ್ಟಿ ಕಳಿಸುವುದು ಅವರಿಗೆ ಎರಡನೇ ಸಲ ಮಾಡುವ ಅನ್ಯಾಯ.

ಕೋಡ್ ಬರೆಯುವವ

ಇಬ್ಬರ ಮಾತಿಗೂ ಹೊರಗೆ ಉದಾಹರಣೆಗಳಿವೆ. ಮೈನ್‌ಕ್ರಾಫ್ಟ್ ಆಟ ಮಾಡಿದ ಸ್ವೀಡನ್ನಿನ ಮೊಜಾಂಗ್ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ವಸತಿ ವಿಭಾಗವಾದ ಯುಎನ್-ಹ್ಯಾಬಿಟಾಟ್ 2012ರಲ್ಲಿ ಬ್ಲಾಕ್ ಬೈ ಬ್ಲಾಕ್ ಎಂಬ ಕೆಲಸ ಶುರು ಮಾಡಿದವು. ನೈರೋಬಿಯ ಕಿಬೇರಾ ಕೊಳೆಗೇರಿಯ ಆಟದ ಮೈದಾನವನ್ನು ಅಲ್ಲಿನ ಜನರೇ ಆಟದೊಳಗೆ ವಿನ್ಯಾಸ ಮಾಡಿದರು. ಒಂದು ಕಂಪ್ಯೂಟರಿಗೆ ಎರಡು ಮೂರು ಜನ, ಹುಡುಗರ ಪಕ್ಕದಲ್ಲಿ ಹಿರಿಯರು. ಕೊನೆಗೆ ಪ್ರತಿ ಗುಂಪೂ ತನ್ನ ವಿನ್ಯಾಸವನ್ನು ಎಲ್ಲರ ಮುಂದೆ, ಅಧಿಕಾರಿಗಳ ಮುಂದೆ ನಿಂತು ವಿವರಿಸಬೇಕು, ಯಾವುದು ಮೊದಲು ಎಂದು ಸೇರಿ ತೀರ್ಮಾನಿಸಬೇಕು. ಆಟದಷ್ಟೇ ಆ ವಿವರಿಸುವ ಸಭೆಯೂ ಮುಖ್ಯ ಎಂದು ನನಗೆ ಅನಿಸುತ್ತದೆ.

ಜರ್ಮನಿಯ ಹ್ಯಾಂಬರ್ಗಿನಲ್ಲಿ 2016ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಸಿಟಿಸ್ಕೋಪ್ ಎಂಬ ಊರಿನ ಮಾದರಿಯ ಮೇಜು ಇಟ್ಟು, ನಿರಾಶ್ರಿತರಿಗೆ ಮನೆ ಎಲ್ಲಿ ಕಟ್ಟಬಹುದು ಎಂದು ನಾಗರಿಕರನ್ನೇ ಕೇಳಿದರು. ಬಣ್ಣದ ಇಟ್ಟಿಗೆ ಇಟ್ಟು ಜಾಗ ತೋರಿಸಿದರು. ಸೂಚಿಸಿದ ಜಾಗಗಳಲ್ಲಿ ಒಂದು ಭಾಗಕ್ಕಷ್ಟೇ ಒಪ್ಪಿಗೆ ಸಿಕ್ಕಿತು, ಆದರೆ ಆಡಳಿತ ಮೇಜಿನ ಪಕ್ಕದಲ್ಲೇ ಕೂತು ಉತ್ತರ ಕೊಡಬೇಕಾಯಿತು.

ಬಾವಡಿ, ವಿಜಯಪುರ

ನಿಮ್ಮ ಜಗಳ ಓದಿ ಹೊಟ್ಟೆಕಿಚ್ಚಾಗುತ್ತಿದೆ. ನಮ್ಮಲ್ಲೂ ಇಂಥದ್ದು ಆಗಬೇಕು. ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಗಿಂತ ಒಳ್ಳೆಯ ಆಟದ ಹಲಗೆ ಎಲ್ಲಿ ಸಿಗುತ್ತದೆ? ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ, ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎನ್ನುವ ಜಲಗೋಪುರಗಳು, ತಾಜ್ ಬಾವಡಿ, ಚಾಂದ್ ಬಾವಡಿ, 1651ರ ಬೇಗಂ ತಾಲಾಬ್. ಒಂದು ಗೋಪುರ ಮುಚ್ಚಿದರೆ ಮುಂದಿನ ಬಡಾವಣೆಗೆ ಏನಾಗುತ್ತದೆ ಎಂದು ಮಕ್ಕಳು ಆಡಿಯೇ ಕಲಿಯಬಹುದು.

ಕಿಲ್ಲಾ ಓಣಿ

ವಿಜಯಪುರದವರಿಗೆ ಎಲ್ಲ ಮಾತೂ ಆದಿಲ್‌ಶಾಹಿಗೇ ಹೋಗಿ ನಿಲ್ಲುತ್ತದೆ. ಇದು ಬಾಗಲಕೋಟೆಯ ಮೇಜು.

ಬಾವಡಿ, ವಿಜಯಪುರ

1997ರವರೆಗೆ ನಾವೆಲ್ಲ ಒಂದೇ ಜಿಲ್ಲೆ. ಸ್ವಲ್ಪ ಜಾಗ ಕೊಡಿ.

ಘಟಪ್ರಭಾ

ಜಾಗ ಕೊಡುತ್ತೇವೆ, ಬಾಗಲಕೋಟೆ–ಕುಡಚಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಬನ್ನಿ. 142 ಕಿಲೋಮೀಟರ್ ಹಳಿ ಹಾಕಲು 2010ರಲ್ಲಿ ಶುರು ಮಾಡಿದರು, ನನ್ನ ಮಗಳು ಶಾಲೆ ಸೇರಿ ಕಾಲೇಜು ಮುಗಿಸುವ ಹೊತ್ತಾಯಿತು. ಮೇಷ್ಟ್ರೇ, ನಿಮ್ಮ ಮೇಜಿನಲ್ಲಿ ಆ ಹಳಿಯನ್ನು ಮೊದಲ ದಿನವೇ ಹಾಕಿಬಿಡಿ.

ಓವರ್‌ಸಿಯರ್ ನಿವೃತ್ತ

ಭೂಸ್ವಾಧೀನ ಎಂದರೆ ಮೇಜಿನ ಮೇಲೆ ಗೆರೆ ಎಳೆದಂತೆ ಎಂದು ತಿಳಿದವರಿಗೇ ಈ ಸಿಟ್ಟು ಬರುವುದು. ಆ ಹಳಿ ಹಾಯುವ ಪ್ರತಿ ಹೊಲಕ್ಕೂ ಒಬ್ಬ ಯಜಮಾನನಿದ್ದಾನೆ, ಪ್ರತಿ ಯಜಮಾನನಿಗೂ ಮೂರು ಜನ ತಮ್ಮಂದಿರಿದ್ದಾರೆ. ರೈಲಿನ ಮಾತು ಇಲ್ಲಿಗೆ ಸಾಕು.

ನವನಗರದ ಬಗ್ಗೆ ಒಂದು ಸಂಗತಿ ಎಲ್ಲರೂ ಮರೆತಿದ್ದೀರಿ. ಆ ಊರಿನ ಯೋಜನೆ ಮಾಡಿದವರು ಚಾರ್ಲ್ಸ್ ಕೊರಿಯಾ. ನವಿ ಮುಂಬಯಿಯ ಕಲ್ಪನೆ ಕೊಟ್ಟವರಲ್ಲಿ ಒಬ್ಬರು, ಮನೆಯ ಅಂಗಳಕ್ಕೂ ಆಕಾಶಕ್ಕೂ ಬೆಲೆ ಕೊಟ್ಟ ವಾಸ್ತುಶಿಲ್ಪಿ. ಅಂಥವರ ಕೈಯಿಂದ ಬಂದ ನಕ್ಷೆ. ದೋಷ ನಕ್ಷೆಯಲ್ಲೇ ಇತ್ತೋ, ನಕ್ಷೆಯಿಂದ ನೆಲಕ್ಕೆ ಬರುವ ದಾರಿಯಲ್ಲಿ ಏನೇನು ಉದುರಿತೋ, ಅದನ್ನೂ ಆಟದಲ್ಲಿ ತೋರಿಸಬಹುದು. ಒಳ್ಳೆಯ ಯೋಜಕ ಬಂದರೆ ಊರು ತಾನಾಗಿ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೊಂದಿಗೆ ನಾನು ನೌಕರಿ ಶುರು ಮಾಡಿದವನು. ಹಂಚಿಕೆಯ ಪಟ್ಟಿ ಓದುವಾಗ ಜನರ ಮುಖ ನೋಡಿದ ಮೇಲೆ ಆ ನಂಬಿಕೆ ನನ್ನಲ್ಲಿ ಉಳಿಯಲಿಲ್ಲ.

ಕಿಲ್ಲಾ ಓಣಿ

ಈ ಪಟ್ಟಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಓಣಿಯ ಮನೆಗಳು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದವು. ಗೋಡೆಗೆ ಗೋಡೆ ತಾಗಿದ್ದವರು ಆಟೋ ಹಿಡಿದು ಭೇಟಿಯಾಗುವಂತಾಯಿತು. ಪರಿಹಾರದ ಲೆಕ್ಕದಲ್ಲಿ ಗೋಡೆ, ಬಾಗಿಲು, ತೊಲೆ, ಜಂತಿ ಎಲ್ಲ ಬಂತು. ನಮ್ಮ ತಾಯಿ ಮತ್ತು ಪಕ್ಕದ ಮನೆಯ ಚಾಚಿ ಒಂದೇ ಕಟ್ಟೆಯ ಮೇಲೆ ಕೂತು ಶ್ಯಾವಿಗೆ ಹೊಸೆಯುತ್ತಿದ್ದರು. ಚಾಚಿಗೆ ಸಿಕ್ಕ ನಿವೇಶನ ಊರಿನ ಇನ್ನೊಂದು ತುದಿಯಲ್ಲಿ. ಬಾಡಿಗೆಗೆ ಇದ್ದವರ ಪಾಡು ಕೇಳಲೇ ಬೇಡಿ, ಅವರು ಎಲ್ಲಿ ಹೋದರು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ಅದಕ್ಕೇ ಹಳೆ ಪೇಟೆ ಬೇಕು ಎನ್ನುತ್ತಿದ್ದೇನೆ. ಯಾರ ಮನೆಯ ಪಕ್ಕ ಯಾರಿದ್ದರು ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮೇಜಿನ ಸುತ್ತ ಅವರನ್ನು ಕೂರಿಸಿದರೆ ಕೈ ತಾನಾಗಿ ಜಾಗ ತೋರಿಸುತ್ತದೆ.

ನವನಗರದ ಹುಡುಗಿ

ಇದನ್ನು ಮೊದಲೇ ಹೀಗೆ ಹೇಳಿದ್ದರೆ ನಾನು ಅಷ್ಟು ವಾದ ಮಾಡುತ್ತಿರಲಿಲ್ಲ. ಓಣಿಯ ನೆನಪು ಎಂದರೆ ನಮ್ಮ ಮನೆಯಲ್ಲಿ ‘ಎಷ್ಟು ಚೆನ್ನಾಗಿತ್ತು’ ಎಂಬಷ್ಟೇ ಬರುತ್ತದೆ. ಯಾರ ಪಕ್ಕ ಯಾರು ಎಂಬುದು ನನಗೂ ಬೇಕು.

ಆದರೆ ಒಂದು ನಿಯಮ ಹಾಕಿ. ಹಳೆ ಪೇಟೆ ಕಟ್ಟುವಾಗ ಒಬ್ಬ ಹಿರಿಯರ ಜೊತೆ ಒಬ್ಬ ಚಿಕ್ಕವರು ಕಡ್ಡಾಯ. ಹೇಳುವುದು ಅವರು, ತುಂಡು ಇಡುವುದು ನಾವು. ಪ್ರಶ್ನೆ ಕೇಳದೆ ಒಂದು ತುಂಡನ್ನೂ ಇಡಬಾರದು. ನೀರು ಯಾರು ತರುತ್ತಿದ್ದರು, ಬಾವಿಗೆ ಯಾರನ್ನು ಬಿಡುತ್ತಿರಲಿಲ್ಲ, ಇವನ್ನೂ ಕೇಳುತ್ತೇವೆ. ಉತ್ತರ ಕೊಡಬೇಕು.

ಮಗ್ಗದ ಮನೆ

ಕೇಳಲೇಬೇಕು, ತಂಗಿ. ಕಟ್ಟೆ ಎಲ್ಲರಿಗೂ ಸಮವಾಗಿರಲಿಲ್ಲ.

ಕಿಲ್ಲಾ ಓಣಿ

ಒಪ್ಪಿದೆ. ಉತ್ತರ ಕೊಡುವವರನ್ನು ನಾನು ಕರೆತರುತ್ತೇನೆ.

ಘಟಪ್ರಭಾ

ಹೋಳಿಯ ಸಮಯಕ್ಕೆ ಇಟ್ಟರೆ ಹೇಗೆ? ಹೊರಗೆ ನೆಲೆಸಿದವರೆಲ್ಲ ಆಗ ಊರಿಗೆ ಬರುತ್ತಾರೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಹಲಗೆ ಮೇಳ ಹೊರಡುವುದೂ ಬಣ್ಣದ ಬಂಡಿ ಹೊರಡುವುದೂ ಇವತ್ತಿಗೂ ಪೇಟೆಯ ಹೆಸರಿನಲ್ಲೇ. ನೀರು ಬಂದರೂ ಪೇಟೆಯ ಲೆಕ್ಕ ಹೋಳಿಯಲ್ಲಿ ಉಳಿದಿದೆ. ಮೇಜನ್ನೂ ಪೇಟೆಗೊಂದು ದಿನ ಬಿಟ್ಟುಕೊಡಬಹುದು.

ಬೇವಿನ ಕಟ್ಟಿಗೆ

ಹೋಳಿಯಲ್ಲಿ ಬೇಡವೇ ಬೇಡ. ಬಣ್ಣದ ನೀರು, ಪ್ರೊಜೆಕ್ಟರ್, ಗಾಜು, ಕ್ಯಾಮೆರಾ. ಯಾರು ಕಾಯುತ್ತೀರಿ?

ಘಟಪ್ರಭಾ

ಸಭಾಂಗಣದೊಳಗೆ ಬಣ್ಣ ಯಾರು ತರುತ್ತಾರೆ?

ಬೇವಿನ ಕಟ್ಟಿಗೆ

ಬಾಗಲಕೋಟೆಯ ಹೋಳಿಯಲ್ಲಿ ಬಣ್ಣ ಬರದ ಜಾಗ ಯಾವುದು, ನೀವೇ ಹೇಳಿ.

ಬೀಳಗಿ ರಸ್ತೆ

ಬಾದಾಮಿ ಬನಶಂಕರಿ ಜಾತ್ರೆಗೆ ಒಯ್ಯಿರಿ. ನಾಟಕ ಕಂಪನಿಗಳ ಡೇರೆಗಳ ಪಕ್ಕ ಒಂದು ಡೇರೆ ಹಾಕಿದರೆ ಹಳ್ಳಿಯ ಜನ ಸಹಜವಾಗಿ ಒಳಗೆ ಬರುತ್ತಾರೆ. ನವನಗರದ ಸಭಾಂಗಣಕ್ಕೆ ನಮ್ಮೂರಿನ ಹೆಣ್ಣುಮಕ್ಕಳು ಬರಬೇಕೆಂದರೆ ಬಸ್ಸಿನ ಹೊತ್ತು, ಕೂಲಿಯ ಹೊತ್ತು ಎರಡೂ ನೋಡಬೇಕು. ಜಾತ್ರೆಗೆ ಅವರು ಹೇಗೂ ಬರುತ್ತಾರೆ.

ಓವರ್‌ಸಿಯರ್ ನಿವೃತ್ತ

ಜಾತ್ರೆಯ ಡೇರೆಗೆ ಗಾಜಿನ ಮೇಜು ಆಗುವುದಿಲ್ಲ, ಮರಳಿನ ಮೇಜು ಒಯ್ಯಿರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದವರು ರೂಪಿಸಿದ ಮರಳಿನ ಪೆಟ್ಟಿಗೆಯ ಬಗ್ಗೆ ಮೊಮ್ಮಗ ತೋರಿಸಿದ. ಮೇಲೊಂದು ಆಳ ಅಳೆಯುವ ಕ್ಯಾಮೆರಾ, ಒಂದು ಪ್ರೊಜೆಕ್ಟರ್. ಮರಳನ್ನು ಗುಡ್ಡ ಮಾಡಿದರೆ ಸಮಮಟ್ಟದ ಗೆರೆಗಳು ತಾವಾಗಿ ಮೂಡುತ್ತವೆ, ತಗ್ಗು ತೋಡಿದರೆ ಬಣ್ಣ ಬದಲಾಗುತ್ತದೆ, ಮರಳಿನ ಮೇಲೆ ಕೈ ಹಿಡಿದರೆ ಮಳೆ ಸುರಿದು ನೀರು ಹರಿಯುತ್ತದೆ. ಅದರ ತಂತ್ರಾಂಶವೂ ಉಚಿತ. ಘಟಪ್ರಭೆಯ ಕಣಿವೆ ಅದರಲ್ಲಿ ತೋಡಿ, 519.60ಕ್ಕೆ ಒಮ್ಮೆ, 524.256ಕ್ಕೆ ಒಮ್ಮೆ ನೀರು ನಿಲ್ಲಿಸಿ. ತಮ್ಮ ಹೊಲ ಎಲ್ಲಿದೆ ಎಂದು ರೈತರೇ ಬೆರಳಿಟ್ಟು ತೋರಿಸುತ್ತಾರೆ.

ಮರಳಿನ ಆಳ ಎಂಟು ಇಂಚಾದರೂ ಇರಲಿ. ಎರೆಮಣ್ಣು ಹಾಕಬೇಡಿ, ಕಪ್ಪು ಮಣ್ಣಿನ ಮೇಲೆ ಪ್ರೊಜೆಕ್ಟರಿನ ಬಣ್ಣ ಹೊಳೆಯುವುದಿಲ್ಲ. ಬಿಳಿಮರಳೇ ಬೇಕು.

ಬೀಳಗಿ ರಸ್ತೆ

ನೀರು ಏರುವುದನ್ನು ಮಾತ್ರ ತೋರಿಸಬೇಡಿ. ಆ ನೀರು ಕಾಲುವೆಯಲ್ಲಿ ಎಲ್ಲಿಗೆ ಹೋಗುತ್ತದೆ, ಯಾರ ಹೊಲ ಹಸಿರಾಗುತ್ತದೆ ಎಂಬುದೂ ಇರಲಿ. ನಾವು ಅಣೆಕಟ್ಟಿಗೆ ವಿರೋಧಿಗಳಲ್ಲ. ವಿಜಯಪುರದ ಒಣಹೊಲಕ್ಕೆ ನೀರು ಬರಬೇಕು ಎಂದು ನಮಗೂ ಅನಿಸುತ್ತದೆ. ನಾವು ಬಿಟ್ಟುಕೊಡುವುದು ಏನೆಂದು ನೀರು ಪಡೆಯುವವರು ಒಮ್ಮೆ ಕಣ್ಣಾರೆ ನೋಡಲಿ, ಇಷ್ಟೇ.

ಬಾವಡಿ, ವಿಜಯಪುರ

ನೋಡಲು ನಾವು ಬರುತ್ತೇವೆ. ಆ ಮರಳಿನ ಮೇಜು ವಿಜಯಪುರಕ್ಕೂ ಬರಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದೆ. ಸಾಗಣೆ, ಊಟ, ಉಳಿಯುವ ವ್ಯವಸ್ಥೆ ನಮ್ಮದು.

ಚಿತ್ರಕಲಾ ಮೇಷ್ಟ್ರು

ನಮ್ಮ ತಂಡದೊಂದಿಗೆ ಮಾತನಾಡಿದೆ. ಈಗ ಇಷ್ಟು ಗಟ್ಟಿಯಾಗಿದೆ. ಮರಳಿನ ಮೇಜು ಇಡೀ ಕಣಿವೆಗೆ, ಅದು ಬನಶಂಕರಿಯಲ್ಲಿ ಶುರುವಾಗುತ್ತದೆ, ಅಲ್ಲಿಂದ ಎಲ್ಲಿಗೆ ಎಂಬುದು ಎರಡೂ ಜಾತ್ರೆಯ ದಿನ ನೋಡಿ ತೀರ್ಮಾನ. ಮರದ ತುಂಡಿನ ಮೇಜು 1:200ರಲ್ಲಿ ಒಂದೇ ಪೇಟೆಗೆ, ಹಿರಿಯರು ಮತ್ತು ಚಿಕ್ಕವರು ಜೋಡಿಯಾಗಿ. ಆಮೇಲೆ ಅದೇ ತುಂಡುಗಳಿಂದ ಬರಿ ನೆಲದ ಸುತ್ತು. ಕಾಯುವ ಮನೆಗಳಿಗೆ ಆಟ ನಿಲ್ಲಿಸುವ ಹಕ್ಕು ಇರುತ್ತದೆ. ನಿಯಮಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಯಾರು ಬೇಕಾದರೂ ಪೆನ್ಸಿಲಿನಿಂದ ತಿದ್ದಬಹುದು, ಸಂಜೆ ಕೋಡ್ ಬದಲಾಗುತ್ತದೆ.

ಬೆಳಗಾವಿಯವರ ಪ್ರಶ್ನೆಗೆ: ಪ್ರತಿ ದಿನದ ಕೊನೆಗೆ ಮೇಜಿನ ಛಾಯಾಚಿತ್ರ ತೆಗೆದು, ಕಟ್ಟಿದವರ ಮಾತಿನೊಂದಿಗೆ ಮುದ್ರಿಸಿ ಪುನರ್ವಸತಿಯ ಹೊಣೆ ಹೊತ್ತ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇವೆ. ಒಂದು ಪ್ರತಿ ಕಟ್ಟಿದವರ ಕೈಗೆ. ಉತ್ತರ ಬಂದರೂ ಬಾರದಿದ್ದರೂ ಗೋಡೆಯ ಮೇಲೆ ಹಾಕುತ್ತೇವೆ.

ಕುಂದಾ ಪ್ರೇಮಿ, ಬೆಳಗಾವಿ

ಸ್ವೀಕೃತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಸಹಿ ಒಂದೇ ಸಾಲದು.

ಕೋಡ್ ಬರೆಯುವವ

ಸಂಜೆ ಕೋಡ್ ಬದಲಾಯಿಸುವುದೆಂದರೆ ನಾನು ರಜೆ ಹಾಕಿ ಅಲ್ಲಿಯೇ ಇರಬೇಕು. ಇರುತ್ತೇನೆ. ಆದರೆ ಜನ ಪೆನ್ಸಿಲಿನಿಂದ ಒಂದಕ್ಕೊಂದು ವಿರುದ್ಧವಾದ ನಿಯಮ ಬರೆದರೆ ಏನು ಮಾಡಬೇಕು? ಈಗಲೇ ತೀರ್ಮಾನಿಸಿ.

ಮಗ್ಗದ ಮನೆ

ಬರೆದ ಇಬ್ಬರನ್ನೂ ಕರೆದು ಮೇಜಿನ ಬಳಿ ಕೂರಿಸಿ. ಒಂದು ದಿನ ಇವರ ನಿಯಮ, ಮರುದಿನ ಅವರದು. ಎರಡೂ ದಿನದ ಊರು ಪಕ್ಕಪಕ್ಕ ಇಟ್ಟು ನೋಡಲಿ.

ನವನಗರದ ಹುಡುಗಿ

ನನ್ನ ನಿಯಮ ಮೊದಲೇ ಬರೆದುಕೊಳ್ಳಿ: ಸಂಜೆ ಏಳರ ನಂತರ ದೀಪವಿಲ್ಲದ ಬೀದಿಯಲ್ಲಿ ಮನೆ ಕಟ್ಟಲು ಆಟ ಬಿಡಬಾರದು.

ಕಿಲ್ಲಾ ಓಣಿ

ಹಳೆ ಪೇಟೆಗೆ ಅದನ್ನು ಹಚ್ಚಿದರೆ ನಮ್ಮ ಅರ್ಧ ಓಣಿಯೇ ಇರುವುದಿಲ್ಲ!

ನವನಗರದ ಹುಡುಗಿ

ಹಾಗಾದರೆ ಮೊದಲು ದೀಪ ಹಾಕಿ, ಆಮೇಲೆ ನಿಮ್ಮ ಓಣಿ.

ಬೇವಿನ ಕಟ್ಟಿಗೆ

ಮೇಷ್ಟ್ರೇ, ಸಭಾಂಗಣದ ಬಾಗಿಲಿನ ಅಗಲ ಅಳೆದು ತಿಳಿಸಿ. ಹದಿನೈದು ಅಡಿ ಮೇಜನ್ನು ಒಂದೇ ತುಂಡಿನಲ್ಲಿ ಮಾಡಿದರೆ ಒಳಗೆ ಹೋಗುವುದಿಲ್ಲ. ಐದು ಅಡಿಯ ಮೂರು ಭಾಗ ಮಾಡಿ ಒಳಗೆ ಜೋಡಿಸುವಂತೆ ಮಾಡುತ್ತೇನೆ. ಗಾಜಿನ ಆಸರೆಯನ್ನೂ ಆ ಜೋಡಣೆಯ ಸಾಲಿಗೇ ತಂದರೆ ಕ್ಯಾಮೆರಾಗೆ ಅಡ್ಡ ಬರುವುದು ಕಡಿಮೆಯಾಗುತ್ತದೆ. ಭಾಗಕ್ಕೊಂದು ಕ್ಯಾಮೆರಾ ಬೇಕಾದೀತು, ಅದನ್ನು ಕೋಡಿನವರು ಹೇಳಲಿ.